ಬದನೆಕಾಯಿಯ ಹೆಬ್ಬೆಟ್ಟು

ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಹಾಜರಿ ಹಾಕುವವರಿಗೆ ಅವನು ಹೆಡ್ ಫಿಟ್ಟರ್, ಉಳಿದವರಿಗೆಲ್ಲ ಬದನೆಕಾಯಿ. ಆ ಹೆಸರಿಟ್ಟವನು ಅವನ ಗೆಳೆಯನೇ, ಬೆಳಗಿನ ಪಾಳಿಯ ಡ್ರೈವರ್. ಯಾವ ಗಾಲಿ ಬಿಚ್ಚುವುದಿದ್ದರೂ ಮೊದಲು ಬಸ್ ಕಂಪನಿಯ ದಪ್ಪ ಸರ್ವಿಸ್ ಪುಸ್ತಕ ತಂದು, ಬೆಂಚಿನ ಮೇಲೆ ಬಿಡಿಸಿ, ಪುಟದ ಮೇಲೆ ಬೆರಳಾಡಿಸಿ, ಆಮೇಲಷ್ಟೇ ನಟ್ಟು ಬಿಚ್ಚುವ ಪಾನಾ ಮುಟ್ಟುವವನನ್ನು ಪುಸ್ತಕದ ಬದನೆಕಾಯಿ ಎನ್ನದೆ ಇನ್ನೇನೆನ್ನಬೇಕು? ಹಾಗೆಂದು ಆಡಿಕೊಂಡರೂ ಆ ಡ್ರೈವರ್ ಬೇರೆಯವರು ಗಾಲಿ ಕಟ್ಟಿದ ಬಸ್ಸನ್ನು ಮನಸ್ಸಿಟ್ಟು ಹತ್ತಿದವನಲ್ಲ. "ನಂಗೆ ಬದನೆಕಾಯಿ ಬಿಗಿದಿದ್ದೇ ಬೇಕಪ್ಪಾ" ಎನ್ನುತ್ತಿದ್ದ.

ಇದರಲ್ಲೊಂದು ತಮಾಷೆ ಇತ್ತು. ಅದು ಗೊತ್ತಿದ್ದದ್ದು ಲೋಕದಲ್ಲಿ ಇಬ್ಬರಿಗೇ. ಬದನೆಕಾಯಿಗೆ ಓದಲು ಬರುತ್ತಿರಲಿಲ್ಲ.

ಬಸ್ಸು ತೊಳೆಯುವ ಕೆಲಸಕ್ಕೆ ಸೇರಿ ಕೈಚಳಕದಿಂದ ಮೇಲೆ ಬಂದವನು. ಅಂಕಿಗಳು ಗೊತ್ತು, ಚಿತ್ರ ನೋಡಿ ಪುಟ ಹಿಡಿಯುವುದು ಗೊತ್ತು. ಅಕ್ಷರ ಮಾತ್ರ ಇರುವೆ ಸಾಲು. ಓದುತ್ತಿದ್ದವಳು ಹೆಂಡತಿ. ಸಂಜೆ ಪುಸ್ತಕ ಊಟದ ಚೀಲದಲ್ಲಿ ಮನೆಗೆ ಬರುತ್ತಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅವಳು ಒಂದು ಸಾಲು ಓದುವಳು, ಅವನು ಅದನ್ನು ತಿರುಗಿ ಒಪ್ಪಿಸುವನು. ಒಂದು ಮಾತು ತಪ್ಪಿದರೂ ಅವಳು ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಗಂಡಹೆಂಡಿರು ಏನೇನೋ ಮಾತಾಡಿಕೊಳ್ಳುತ್ತಾರೆ. ಇವರು ಕ್ಲಚ್ಚು, ಆಕ್ಸಲ್ಲು, ಬ್ರೇಕ್ ಡ್ರಮ್ಮು ಮಾತಾಡಿಕೊಂಡರು. ಹಾಗೆ ಇಡೀ ಪುಸ್ತಕ ಅವನ ತಲೆಗೆ ಇಳಿದಿತ್ತು, ಅವಳ ದನಿಯಲ್ಲೇ. ಕಂಪನಿಯವರು ಏನಾದರೂ ಬದಲಾಯಿಸಿದರೆ ಅಚ್ಚಾದ ಚೀಟಿ ಕಳಿಸುತ್ತಿದ್ದರು, ಪುಟಕ್ಕೆ ಅಂಟಿಸಿಕೊಳ್ಳಲು. ಚೀಟಿಯೂ ಮೊದಲು ಹೊಸ್ತಿಲಿಗೆ ಬಂದೇ ಪುಟ ಸೇರುತ್ತಿತ್ತು. ಸಹಿಯನ್ನು ಅವಳೇ ಕಲಿಸಿದ್ದಳು. ರಂಗೋಲಿ ಬಿಡಿಸಿದ ಹಾಗೆ ಬಿಡಿಸುತ್ತಿದ್ದ.

ಆಮೇಲೆ ಟ್ಯಾಬ್ ಬಂತು. ಫೋರ್‌ಮನ್ ಎಲ್ಲರನ್ನೂ ಕರೆದು ಹೇಳಿದ: "ಇನ್ಮೇಲೆ ಕಂಪನಿ ಪುಸ್ತಕ ಅಚ್ಚು ಹಾಕಲ್ಲ. ಹಳೇದು ಬೇಕಾದೋರು ಹಳೇದು ಇಟ್ಕೊಳ್ಳಿ, ಬೇಡದೋರು ಇದನ್ನ ನೋಡಿ. ಹೆಡ್ ಫಿಟ್ಟರ್ ನೀನು, ಮೊದ್ಲು ನೀನು ಹೇಳು, ಯಾವುದು?"

"ಪುಸ್ತಕನೇ ಇರ್ಲಿ ಸಾರ್. ಕೈಯೆಲ್ಲ ಗ್ರೀಸು, ಗಾಜಿನ ಮೇಲೆ ಬೆರಳು ನಿಲ್ಲಲ್ಲ."

ಮಾತು ಸರಿಯಾಗಿಯೇ ಇತ್ತು. ನಾಲ್ಕು ಜನ ತಲೆಯಾಡಿಸಿದರು. ಟ್ಯಾಬನ್ನು ಸ್ಟೋರಿನ ಕಟ್ಟೆಗೆ ಸರಪಳಿ ಹಾಕಿ ಬಿಗಿದಿದ್ದರು, ಕಳ್ಳತನವಾದೀತೆಂದು. ಅದು ಮನೆಗೆ ಹೋಗುವ ವಸ್ತುವಾಗಿರಲಿಲ್ಲ. ಅವನು ಪುಸ್ತಕ ಆರಿಸಿದ್ದು ಆ ಸರಪಳಿ ನೋಡಿ.

ಪುಸ್ತಕ ಇಟ್ಟುಕೊಂಡವರಿಗೂ ಒಂದು ಕಟ್ಟಳೆ ಇತ್ತು. ಹೊಸ ಸೂಚನೆ ಬಂದಾಗ ಎಲ್ಲರೂ ಟ್ಯಾಬಿನಲ್ಲಿ ಓದಿ, 'ಓದಿದ್ದೇನೆ' ಎಂಬ ಚೌಕದ ಮೇಲೆ ಹೆಬ್ಬೆಟ್ಟು ಒತ್ತಬೇಕು. "ಓದಿದೋರ್ನೆಲ್ಲ ಹೆಬ್ಬೆಟ್ಟು ಮಾಡ್ಬಿಟ್ರಲ್ಲಪ್ಪ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಜೋರಾಗಿ ನಕ್ಕವನು ಬದನೆಕಾಯಿ.

ಒಂದು ಸಲ ಅವನು ಫೋರ್‌ಮನ್ ಹತ್ತಿರ ಹೋಗಿ, "ಸೂಚನೆಗಳನ್ನ ಕಾಗದದಲ್ಲಿ ತೆಗೆಸಿಕೊಡಿ ಸಾರ್, ಮನೇಲಿ ನಿಧಾನಕ್ಕೆ ನೋಡ್ತೀನಿ" ಎಂದ.

"ಎರಡು ಸಾಲಿಗೆ ಕಾಗದ ಯಾಕೋ? ಇಲ್ಲೇ ನಿಂತು ಓದು."

"ಕನ್ನಡಕ ಮರ್ತು ಬಂದಿದೀನಿ ಸಾರ್."

"ಹಾಗಾದ್ರೆ ನಾಳೆ ಓದು."

ಮಾರನೆಯ ದಿನ ಕನ್ನಡಕ ಹಾಕಿಕೊಂಡೇ ಹೋದ. ಹೊಸದಾಗಿ ಬಂದ ಬಸ್ಸುಗಳ ಗಾಲಿಯ ಸೂಚನೆ ಅದು. ಗಾಲಿಯ ಚಿತ್ರವಿತ್ತು, ನಟ್ಟು ಎಷ್ಟು ಬಿಗಿಯಬೇಕೆಂಬ ಅಂಕಿ ಇತ್ತು, ಅದರ ಕೆಳಗೆ ಕೆಂಪಕ್ಷರದಲ್ಲಿ ಎರಡು ಸಾಲು. ಅಂಕಿ ನೋಡಿದ: ಆರುನೂರು. ಪುಸ್ತಕದಲ್ಲಿದ್ದದ್ದೂ ಆರುನೂರೇ. ಸದ್ಯ, ಏನೂ ಬದಲಾಗಿಲ್ಲ ಎಂದು ಹೆಬ್ಬೆಟ್ಟು ಒತ್ತಿ ಬಂದ. ಸುತ್ತ ಹತ್ತು ಜನ ಓದಬಲ್ಲವರಿದ್ದರು, ಒಬ್ಬನನ್ನು ಕೇಳಿದ್ದರೆ ಆಗಿತ್ತು. ಕೇಳಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಹೆದರಿದ. ಗಾದೆ ಕಟ್ಟಿದವರು ಹೋದ ಜೀವದ ಮಾತು ಎತ್ತಿರಲಿಲ್ಲ.

"ಹೊಸದೇನಾದ್ರೂ ಬಂತಾ?" ಎಂದು ಸಂಜೆ ಹೆಂಡತಿ ಕೇಳಿದಳು.

"ಇಲ್ಲ ಕಣೇ, ಅದೇ ಅಂಕಿ."

ಕೆಂಪಕ್ಷರದಲ್ಲಿ ಇದ್ದದ್ದು ಇಷ್ಟು: ಈ ಗಾಲಿಗಳ ಬೋಲ್ಟಿಗೆ ಎಣ್ಣೆ ಸವರಬಾರದು, ಒರೆಸಿ ಒಣಗಿಸಿಯೇ ಬಿಗಿಯಬೇಕು. ಹಳೆಯ ಪುಸ್ತಕ ಎರಡು ಹನಿ ಎಣ್ಣೆ ಸವರಿ ಎಂದಿತ್ತು. ಆ ಸಾಲು ಅವನಿಗೆ ಹೆಂಡತಿಯ ದನಿಯಲ್ಲಿ ಇವತ್ತಿಗೂ ಕೇಳುತ್ತದೆ. ಎರಡು ಹನಿ, ಹೆಚ್ಚಿಲ್ಲ, ಕಡಿಮೆಯಿಲ್ಲ, ಹೊಸ ಗಾಲಿಗೂ ಪ್ರೀತಿಯಿಂದ ಸವರಿದ. ಎಣ್ಣೆಯಿದ್ದರೆ ನಟ್ಟು ಜಾರಿ ಮಿತಿ ಮೀರಿ ಬಿಗಿಯುತ್ತದೆ, ಬೋಲ್ಟು ಒಳಗೊಳಗೇ ಜಗ್ಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ.

ಸೇತುವೆ ದಾಟಿದ ಮೇಲಿನ ಇಳಿಜಾರಿನಲ್ಲಿ ಬೋಲ್ಟು ಮುರಿದು ಮುಂದಿನ ಗಾಲಿ ಕಳಚಿಕೊಂಡಿತು. ಬೆಳಗಿನ ಮೊದಲ ಬಸ್ಸು, ಜನ ಕಡಿಮೆ. ಏಳೆಂಟು ಮಂದಿಗೆ ಕೈಕಾಲು ಮುರಿಯಿತು. ಸತ್ತವನು ಡ್ರೈವರ್ ಒಬ್ಬನೇ. ಬದನೆಕಾಯಿ ಬಿಗಿದ ಬಸ್ಸೇ ಬೇಕೆಂದು ಹಟ ಹಿಡಿದು ತೆಗೆದುಕೊಂಡು ಹೋಗಿದ್ದ.

ವಿಚಾರಣೆಯ ದಿನ ಹೊರಡುವಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಓದಕ್ಕೆ ಬರಲ್ಲ ಅಂತ ಹೇಳ್ಬಿಡ್ರಿ. ಕೆಲಸ ಹೋಗುತ್ತೆ, ಹೋಗ್ಲಿ. ಗೊತ್ತಿಲ್ದೆ ಆಗಿದ್ದು ಅಂದ್ರೆ ಜೈಲಿಗಾದ್ರೂ ಹಾಕಲ್ಲ."

ಅವನು ಹೂಂ ಎಂದ. ಹೇಳಬೇಕೆಂದುಕೊಂಡೇ ಹೋದ. ಅದರಲ್ಲಿ ಅನುಮಾನವಿಲ್ಲ.

ಅಧಿಕಾರಿ ಟ್ಯಾಬನ್ನು ಸರಪಳಿ ಬಿಡಿಸಿ ತರಿಸಿದ್ದರು. "ಇದು ನಿಮ್ಮ ಹೆಬ್ಬೆಟ್ಟೇ?"

"ಹೌದು ಸಾರ್."

"ಓದಿ ಒತ್ತಿದ್ರಾ, ಓದದೆ ಒತ್ತಿದ್ರಾ?"

ಗೋಡೆಯ ಪಕ್ಕದ ಕುರ್ಚಿಯಲ್ಲಿ ಡ್ರೈವರ್‌ನ ಹೆಂಡತಿ ಕೂತಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವಳು ಮಾತಾಡಿದಳು. "ಅಣ್ಣಾ, ನೀವು ಪುಸ್ತಕ ನೋಡ್ದೆ ನಟ್ಟು ಮುಟ್ಟೋರಲ್ಲ ಅಂತ ಅವ್ರು ದಿನಾ ಹೇಳೋರು. ಅದೇ ಧೈರ್ಯದಲ್ಲಿ ಹೋಗೋರು. ಏನಾಯ್ತಣ್ಣಾ?"

ಹೇಳಬೇಕೆಂದುಕೊಂಡು ಬಂದದ್ದನ್ನು ಅವನು ನುಂಗಿಕೊಂಡ. ಮರೆತೆ ಎಂದರೆ ಒಂದು ದಿನದ ತಪ್ಪು. ಓದಲು ಬರುವುದಿಲ್ಲ ಎಂದರೆ, ಸತ್ತವನು ಅಷ್ಟು ವರ್ಷ ನಂಬಿ ಹತ್ತಿದ್ದೆಲ್ಲ ಬರೀ ನಾಟಕ ಎಂದು ಇವಳಿಗೆ ಹೇಳಿದ ಹಾಗೆ. ಅವನ ನಾಚಿಕೆಯೂ ಅದರಲ್ಲಿ ಸೇರಿತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಓದಿದ್ದೆ ಸಾರ್" ಎಂದ. "ಮರ್ತುಬಿಟ್ಟೆ."

ಅಧಿಕಾರಿ ಬರೆದುಕೊಂಡರು. ಅವನು ಕೆಳಗೆ ತನ್ನ ರಂಗೋಲಿ ಸಹಿ ಬಿಡಿಸಿದ, ಒಂದು ಗೆರೆಯೂ ತಪ್ಪದೆ.

ಆದೇಶ ಟಪಾಲಿನಲ್ಲಿ ಬಂತು, ಕಾಗದದಲ್ಲೇ. ಅಚ್ಚಾದ ಕಾಗದ ಮನೆಗೆ ಬಂದು ಎಷ್ಟೋ ಕಾಲವಾಗಿತ್ತು. ಅವಳು ಲಕೋಟೆ ಹರಿದು ಹೊಸ್ತಿಲಲ್ಲಿ ಕೂತಳು. ಅವನು ಎದುರಿಗೆ, ಎಂದಿನ ಜಾಗದಲ್ಲಿ.

"ಸದರಿ ನೌಕರನು" ಎಂದು ಓದಿದಳು.

"ಸದರಿ ನೌಕರನು" ಎಂದ ಅವನು, ಅಭ್ಯಾಸಬಲ.

"ಕೆಲಸದಿಂದ ವಜಾಗೊಂಡಿದ್ದು, ಮುಂದಿನ ಕ್ರಮಕ್ಕಾಗಿ ಪ್ರಕರಣವನ್ನು ಪೊಲೀಸರಿಗೆ ಒಪ್ಪಿಸಲಾಗಿದೆ."

ಅದನ್ನೂ ಹೇಳಿದ.

"ಏಕೆಂದರೆ, ಸೂಚನೆಯನ್ನು ಸ್ವತಃ ಓದಿ, ಅರ್ಥ ಮಾಡಿಕೊಂಡೂ..." ಅವಳ ದನಿ ಅಲ್ಲಿಗೆ ನಿಂತಿತು. ತಲೆಯೆತ್ತಿ ಗಂಡನ ಮುಖ ನೋಡಿದಳು. "ಏನ್ರೀ ಹೇಳಿ ಬಂದ್ರಿ ಅಲ್ಲಿ?"

ಅವನ ತುಟಿ ಅಲ್ಲಾಡುತ್ತಿತ್ತು, ಸಾಲನ್ನು ಒಪ್ಪಿಸಲು ನೋಡುತ್ತಿದ್ದ. ಮೊದಲ ಸಲ ತಪ್ಪಿದ, ಎರಡನೆಯ ಸಲವೂ ತಪ್ಪಿದ. ಅವಳು ಕಣ್ಣೊರೆಸಿಕೊಂಡು ಆ ಸಾಲನ್ನೇ ಮತ್ತೆ ಓದಿದಳು.