ಔಷಧಿ ಕೊಡದ ಅಂಗಡಿಯಣ್ಣ

ನಮ್ಮ ಮೊಮ್ಮಗಳ ಸೀಗಡಿ ಪಾಸಾಯಿತು! ಔಷಧಿಯ ಅಂಶ ಒಂದಿಷ್ಟೂ ಇಲ್ಲವೆಂದು ಪರೀಕ್ಷೆಯ ಕಾಗದ ಇವತ್ತು ಬೆಳಿಗ್ಗೆ ಬಂತು. ತದಡಿಯ ಹತ್ತಿರ ಹೊಂಡ ಮಾಡಿ ಅವಳು ಬೆಳೆಸಿದ ಮೊದಲ ಬೆಳೆ ಅದು. ಕಾಗದವನ್ನು ನಾನು ಮೂರು ಸಲ ಓದಿಸಿಕೊಂಡೆ. ಇದು ಯಾರಿಂದ ಆಯಿತೋ ಅವರ ಬಗ್ಗೆ ಬರೆಯದೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಅವರು ಕುಮಟೆಯಲ್ಲಿ ಸೀಗಡಿಯ ಆಹಾರ ಮಾರುವ ಅಂಗಡಿಯಣ್ಣ. ಕನ್ನಡಕ ಯಾವಾಗಲೂ ಹಣೆಯ ಮೇಲೆ, ಕೆಲಸವೆಲ್ಲ ಮೂಗಿನದು. ಹೊಂಡದ ಕೆಸರು ತಂದುಕೊಟ್ಟರೆ ಅಂಗೈಯಲ್ಲಿ ಉಜ್ಜಿ ಮೂಸುತ್ತಾರೆ. "ಆ ಕೈಯಲ್ಲಿ ಚಾ ಲೋಟ ಮುಟ್ಟಬೇಡಿ ಮಾರಾಯ್ರೆ" ಎಂದು ಅವರ ಹೆಂಡತಿ ಒಳಗಿನಿಂದ ಕೂಗುವುದೂ ದಿನಾ ಇದ್ದದ್ದೇ.

ಸೀಗಡಿ ದಡಕ್ಕೆ ಬಂದು ಸಾಯತೊಡಗಿದಾಗ ನಾನು ಬಸ್ಸು ಹತ್ತಿ ಅವರಲ್ಲಿಗೆ ಓಡಿದೆ.

"ಅಣ್ಣ, ಜೋರು ಔಷಧಿ ಎಂತಾದ್ರೂ ಕೊಡಿ."

"ಔಷಧಿ ನಾನು ಮಾರೂದಿಲ್ಲ ತಂಗಿ. ಕೆಸರು ತಕಂಡು ಬಾ."

"ಕೆಸರು ಮೂಸಿದ್ರೆ ಸೀಗಡಿ ಬದುಕ್ತದಾ?"

"ಮೂಸೂದು ನಾನು, ನಿಂಗೆಂತ ಕಷ್ಟ?" ಎಂದು ನಕ್ಕರು.

ನನಗೆ ಸಿಟ್ಟು ಬಂತು. ನಮ್ಮ ಯಜಮಾನರ ಕಾಲಿನ ಗಾಯಕ್ಕೆ ಕೀವಾಗದಂತೆ ಡಾಕ್ಟರು ಕೊಟ್ಟ ಮಾತ್ರೆಗಳಲ್ಲಿ ಅರ್ಧ ಉಳಿದಿತ್ತು. ಅದನ್ನು ಪುಡಿ ಮಾಡಿ, ಬೆಲ್ಲದ ನೀರಿನಲ್ಲಿ ಕಲಸಿ ಸೀಗಡಿಯ ಆಹಾರಕ್ಕೆ ಬೆರೆಸಿದೆ. ಮೊಮ್ಮಗಳಿಗೆ ಹೇಳಲಿಲ್ಲ. ಸಾಯುವುದೂ ನಿಲ್ಲಲಿಲ್ಲ.

ಮೂರನೇ ದಿನ ಅಂಗಡಿಯಣ್ಣ ತಾವೇ ಬಂದರು. ಪಂಚೆ ಎತ್ತಿಕಟ್ಟಿ ಹೊಂಡಕ್ಕಿಳಿದು ಕೆಸರು ಮೂಸಿದರು. "ತಿನ್ನದೆ ಉಳಿದ ಆಹಾರ ತಳದಲ್ಲಿ ಕೊಳೀತಾ ಇದೆ. ಆಹಾರ ಕಮ್ಮಿ ಮಾಡಿ, ನೀರು ಬದಲಿಸಿ, ಆತು."

ಆಗ ಮಾತ್ರೆಯ ಸುದ್ದಿ ನನ್ನ ಬಾಯಿಂದ ಹೊರಬಿತ್ತು. ಬೈಯುತ್ತಾರೆ ಎಂದುಕೊಂಡರೆ, ಪಕ್ಕದಲ್ಲಿ ಕೂತರು.

"ಅರ್ಧಂಬರ್ಧ ಔಷಧಿಗೆ ರೋಗ ಸಾಯೂದಿಲ್ಲ ತಂಗಿ, ಗಟ್ಟಿ ಆಗ್ತದೆ. ನಾಳೆ ಇದೇ ಹೊಂಡದಲ್ಲಿ ನಿನ್ನ ಮೊಮ್ಮಗಳ ಕಾಲಿಗೆ ಚಿಪ್ಪು ಕೊಯ್ದು ಕೀವಾದ್ರೆ ಅದೇ ಮಾತ್ರೆ ನಾಟೂದಿಲ್ಲ. ನೀನೇ ಅವಳಿಗೆ ಹೇಳು."

ಹೇಳಿದೆ. "ಪರೀಕ್ಷೆಯಲ್ಲಿ ಔಷಧಿ ಸಿಕ್ರೆ ಯಾರೂ ತಕಳೂದಿಲ್ಲ ಅಮ್ಮಮ್ಮ" ಎಂದು ಮೊಮ್ಮಗಳು ಅತ್ತಳು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮಾತ್ರೆಯ ಅಂಶ ಪೂರ್ತಿ ಇಳಿದುಹೋಗಲಿ ಎಂದು ಅಂಗಡಿಯಣ್ಣ ಸೀಗಡಿ ಹಿಡಿಯುವುದನ್ನು ಕೆಲವು ವಾರ ಮುಂದೆ ಹಾಕಿಸಿದರು. ವಾರಕ್ಕೆರಡು ಸಲ ಬಂದು ಅವಳ ಜೊತೆ ನಿಂತು ನೀರು ಬದಲಿಸಿದರು. ಸಾವು ನಿಂತಿತು. ಅವರ ಈ ಋಣ ನಾನು ಎಂತ ಕೊಟ್ಟು ತೀರಿಸಲಿ?

ಇವತ್ತು ಸಂಜೆ ಅವರನ್ನೂ ಅವರ ಹೆಂಡತಿಯನ್ನೂ ಕರೆದೆವು. ಸೀಗಡಿ ಸುಕ್ಕ ಮೊಮ್ಮಗಳೇ ಮಾಡಿದ್ದಳು. ಎಲ್ಲರೂ ಒಟ್ಟಿಗೆ ಕೂತೆವು. ಅಂಗಡಿಯಣ್ಣನಿಗೆ ಬಡಿಸಿ ಅವಳು ನೇರ ನನ್ನ ತಟ್ಟೆಯ ಹತ್ತಿರ ಬಂದಳು.

"ಹೆದರಬೇಡ, ಉಣ್ಣು ಅಮ್ಮಮ್ಮ. ಇದಕ್ಕೆ ನಿನ್ನ ಕೈ ತಾಗಲಿಲ್ಲ!"

ಮನೆಯೆಲ್ಲ ನಕ್ಕಿತು. ನಾನು ಎರಡು ಸಲ ಬಡಿಸಿಕೊಂಡು ಉಂಡೆ.