ಡಾಕ್ಟರ ಪೆನ್ನು ನೋಡುತ್ತಿದ್ದ ರತ್ನಮ್ಮಕ್ಕ

ರತ್ನಮ್ಮಕ್ಕ ಡಾಕ್ಟರ ಮುಖವನ್ನು ನೋಡುತ್ತಲೇ ಇರಲಿಲ್ಲ. ಅವರ ಕಣ್ಣೆಲ್ಲ ಡಾಕ್ಟರ ಕೈಯಲ್ಲಿದ್ದ ನೀಲಿ ಪೆನ್ನಿನ ಮೇಲೆ.

"ಪೆನ್ನು ಓಡ್ತಾ ಇದ್ರೆ ಭಯ ಇಲ್ಲ ಕಣಮ್ಮ," ಎನ್ನುತ್ತಿದ್ದರು. "ತಲೆ ಎತ್ತದೆ ಬರೀತಾ, 'ಯಾಕೆ ಲೇಟು, ಮಾತ್ರೆ ಯಾಕೆ ಬಿಟ್ರಿ' ಅಂತ ಗದರ್ತಾ ಇದ್ರೆ ನಮ್ದು ಮಾಮೂಲಿ ಕೇಸು. ಕ್ಯಾಪ್ ಹಾಕಿ, ಪೆನ್ನು ಪಕ್ಕಕ್ಕಿಟ್ಟು, 'ಊಟ ಆಯ್ತಾ ಅಮ್ಮ' ಅಂತ ಮೆತ್ತಗೆ ಕೇಳಿದ್ರು ಅನ್ಕೋ, ಆಗ ಹೆದರ್ಕೋ."

ನಾನು ಚಿಂತಾಮಣಿಯವಳು. ಎದೆಯ ಗಡ್ಡೆಯ ಆಪರೇಷನ್ ಆದ ಮೇಲೆ ತಪಾಸಣೆಗೆಂದು ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಬರುತ್ತಿದ್ದೆ. ರತ್ನಮ್ಮಕ್ಕ ಕೆಂಚಾರ್ಲಹಳ್ಳಿಯಿಂದ ಬಂದು ನಮ್ಮೂರಲ್ಲಿ ಅದೇ ಬೆಳಗಿನ ಬಸ್ಸು ಹತ್ತುತ್ತಿದ್ದರು. ಜೊತೆಗೆ ತಮ್ಮ ಮುನಿರಾಜು. ಗಂಡ ತೀರಿಕೊಂಡ ಮೇಲೆ ರೇಷ್ಮೆಹುಳು ಸಾಕಿಯೇ ಬದುಕಿದವರು. ಊದುಬತ್ತಿಯ ವಾಸನೆಯೂ ಹುಳುಗಳಿಗೆ ಆಗುವುದಿಲ್ಲವಂತೆ. ಆಸ್ಪತ್ರೆಯಿಂದ ಹೋದ ದಿನ ಎಷ್ಟೇ ಸುಸ್ತಾಗಿದ್ದರೂ ತಲೆಗೆ ನೀರು ಹಾಕಿಕೊಳ್ಳದೆ ಅವರು ಹುಳುಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ತಲೆಯಲ್ಲಿ ಕೂದಲು ಉಳಿದಿರಲಿಲ್ಲ. ಆದರೂ ಅವರ ಬಾಯಲ್ಲಿ ಅದು 'ತಲೆಸ್ನಾನ'ವೇ.

ಕಾಯುವ ಕೋಣೆಯಲ್ಲಿ ನಾನು ಕಾನ್ವೆಂಟಿನ ಸಿಸ್ಟರು ಕಲಿಸಿದ ಹಾಗೆ ಬೆನ್ನು ನೆಟ್ಟಗೆ ಮಾಡಿ, ಕೈಕಟ್ಟಿ ಕೂರುತ್ತಿದ್ದೆ.

"ಏನು ಕಾನ್ವೆಂಟಮ್ಮ, ಪರೀಕ್ಷೆಗೆ ಕೂತಂಗೆ ಕೂತಿದೀಯ? ಕಾಲು ಚಾಚು. ಇಲ್ಲಿ ಎಲ್ರೂ ಫೇಲಾದವ್ರೇ," ಎಂದು ಟವೆಲ್ಲಿನ ಗಂಟಿನಿಂದ ಹುರಿಗಡಲೆ ತೆಗೆದು ನನ್ನ ಅಂಗೈಗೆ ಹಾಕುತ್ತಿದ್ದರು. ಅವರ ಬೆರಳ ಸಂದಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಕಲೆ. ಕೀಮೋದಿಂದ ಕಪ್ಪಾದ ಉಗುರಿನ ಪಕ್ಕದಲ್ಲೇ ಆ ಹಸಿರು.

ಪೆನ್ನು ನೋಡುವ ಅಭ್ಯಾಸ ಅವರಿಗೆ ಸುಮ್ಮನೆ ಬಂದಿದ್ದಲ್ಲ. ಅವರ ಎದುರಿಗೆ ಯಾರೂ ಕಾಯಿಲೆಯ ಹೆಸರು ಎತ್ತುತ್ತಿರಲಿಲ್ಲ. ಡಾಕ್ಟರು ನೋಡಿದ ಮೇಲೆ ಮುನಿರಾಜು ಅಕ್ಕನನ್ನು ಹೊರಗೆ ಕಳಿಸಿ, ತಾನೊಬ್ಬನೇ ಒಳಗೆ ಉಳಿಯುತ್ತಿದ್ದ. ಅವನು ಹೊರಗೆ ಬಂದ ಕೂಡಲೇ ರತ್ನಮ್ಮಕ್ಕ ಕೇಳುವರು: "ಏಮಿರಾ, ಏಮ್ ಚೆಪ್ಪಿರಿ?" ಏನೋ, ಏನು ಹೇಳಿದರು ಎಂದು; ತಮ್ಮನ ಜೊತೆ ಅವರ ಮಾತು ತೆಲುಗು. ಅವನು ಗೋಡೆ ನೋಡಿಕೊಂಡು, "ಏನಿಲ್ಲಕ್ಕ, ಹೊಟ್ಟೇಲಿ ಒಂದು ಗಡ್ಡೆ, ಕರಗ್ತದಂತೆ," ಎನ್ನುವನು.

ಅವನು ಟೀ ತರಲು ಹೋದಾಗ ಅಕ್ಕ ನನ್ನ ಕಿವಿಯ ಹತ್ತಿರ ಬಾಗಿ, "ಆಸ್ಪತ್ರೆ ಬೋರ್ಡಲ್ಲೇ ಕಾಯಿಲೆ ಹೆಸ್ರು ಅಷ್ಟು ದಪ್ಪಕ್ಕೆ ಬರೆದವ್ರೆ. ನಂಗೆ ಓದಕ್ಕೆ ಬರಲ್ಲ ಅನ್ಕೊಂಡವ್ನೆ, ಪಾಪ," ಎಂದು ನಕ್ಕರು. ನಗು ಬೇಗ ನಿಂತಿತು. "ಹೇಳೋರಿಲ್ಲ ಅಂದ್ಮೇಲೆ ನಾನೇ ಅಳತೆ ಮಾಡ್ಕೋಬೇಕಲ್ಲಮ್ಮ."

ಒಂದು ದಿನ ಆ ಕೋಣೆಗೆ ಅಳತೆ ಮಾಡುವವಳೇ ಬಂದಳು. ಕೈಯಲ್ಲಿ ಟ್ಯಾಬ್ ಹಿಡಿದ ಹುಡುಗಿ. ಡಾಕ್ಟರು ಹೇಗೆ ಮಾತಾಡುತ್ತಾರೆ, ಅದರಿಂದ ರೋಗಿಗಳಿಗೆ ಧೈರ್ಯ ಬರುತ್ತದೆಯೇ ಎಂದು ಅಧ್ಯಯನ ಮಾಡುತ್ತಿದ್ದಳಂತೆ.

"ಡಾಕ್ಟರು ನಿಮ್ಮ ಮಾತನ್ನು ಗಮನವಿಟ್ಟು ಕೇಳುತ್ತಾರೆಯೇ? ಒಂದರಿಂದ ಐದರೊಳಗೆ ಹೇಳಿ, ಆಂಟಿ."

"ಐದು ಅಂದ್ರೆ ಒಳ್ಳೇದಾ, ಕೆಟ್ಟದ್ದಾ?"

"ತುಂಬಾ ಒಳ್ಳೇದು."

"ಹಂಗಾದ್ರೆ ಎರಡು ಹಾಕು. ಎರಡೇ ಇರ್ಲಿ. ನಂಗದೇ ಧೈರ್ಯ."

ಹುಡುಗಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ನನ್ನ ಸರದಿ ಬಂದಾಗ ನಾನೂ ಎರಡು ಎಂದೆ.

ಅದೇ ದಿನ ಅಕ್ಕನ ಹೆಸರು ಕರೆದರು. ಅವರು ಎದ್ದವರೇ ನನ್ನ ರಟ್ಟೆ ಹಿಡಿದರು. "ನೀನೂ ಬಾ. ಇವತ್ತು ನಂಗೊಂದು ಕೇಳೋದದೆ. ಇವನು ಬಾಯಿ ಹಾಕಿದ್ರೆ ನೀನು ಇಂಗ್ಲೀಷಲ್ಲಿ ಹೇಳ್ಬಿಡು."

ಒಳಗೆ ಡಾಕ್ಟರು ಸ್ಕ್ಯಾನ್ ವರದಿ ನೋಡುತ್ತಿದ್ದರು. ಪೆನ್ನು ಓಡುತ್ತಿರಲಿಲ್ಲ. ಮುನಿರಾಜು ಎಂದಿನಂತೆ, "ನೀನು ಹೊರಗೆ ಕೂತಿರಕ್ಕ," ಎಂದ. ರತ್ನಮ್ಮಕ್ಕ ಕುರ್ಚಿ ಬಿಟ್ಟು ಏಳಲಿಲ್ಲ.

"ಡಾಕ್ಟ್ರೇ, ಸೋಮವಾರ ಚಾಕಿ ಹುಳ ಕೊಡ್ತಾರೆ. ತರಲಾ, ಬೇಡ್ವಾ? ಒಂದು ಬೆಳೆಗೆ ಟೈಮ್ ಅದೆಯಾ?"

ಮುನಿರಾಜು ಅಕ್ಕನ ಹಿಂದೆ ನಿಂತು ಬೇಡ ಬೇಡ ಎಂದು ಕೈಯಾಡಿಸುತ್ತಿದ್ದ. ಡಾಕ್ಟರು ನನ್ನತ್ತ ನೋಡಿದರು. ಚಾಕಿ ಎಂದರೆ ಮರಿಹುಳು, ತಂದು ಸಾಕಿದರೆ ತಿಂಗಳೊಳಗೆ ಗೂಡು ಕಟ್ಟುತ್ತವೆ, ಅದನ್ನೇ ಬೆಳೆ ಅನ್ನುತ್ತಾರೆ, ನಡುವೆ ನೋಡಿಕೊಳ್ಳುವವರು ಇಲ್ಲದಿದ್ದರೆ ಎಲ್ಲ ಸಾಯುತ್ತವೆ ಎಂದು ನಾನು ತೊದಲಿದೆ. ಇಂಗ್ಲಿಷೂ ಬರಲಿಲ್ಲ, ಕನ್ನಡವೂ ನೆಟ್ಟಗೆ ಬರಲಿಲ್ಲ.

ಡಾಕ್ಟರು ಕ್ಯಾಪು ಹಾಕಿದರು. ಟಿಕ್ ಎಂದಿತು. ಪೆನ್ನನ್ನು ಮೇಜಿನ ಮೇಲಿಟ್ಟರು. ನನ್ನ ರಟ್ಟೆಯ ಮೇಲಿದ್ದ ಅಕ್ಕನ ಹಿಡಿತ ಬಿಗಿಯಾಯಿತು.

"ಯಾವಾಗ ಜಾಸ್ತಿ ಕೆಲಸ ಇರುತ್ತೆ ಅಮ್ಮ? ಮೊದಲಲ್ಲೋ, ಕೊನೆಯಲ್ಲೋ?"

"ಕೊನೇಲಿ. ನಾಕ್ನೇ ಜ್ವರ ಎದ್ಮೇಲೆ ಹಗಲೂ ರಾತ್ರಿ ಸೊಪ್ಪು ಹಾಕ್ಬೇಕು." ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ.

"ಆ ಕೊನೇ ಕೆಲಸಕ್ಕೆ ಇವರು ಜೊತೆಗಿರಲಿ," ಎಂದು ಡಾಕ್ಟರು ಮುನಿರಾಜುವನ್ನು ತೋರಿಸಿದರು. ಆಮೇಲೆ ನೇರವಾಗಿ ಅಕ್ಕನನ್ನೇ ನೋಡಿ, "ಈ ಬೆಳೆ ಮಾಡಿ ಅಮ್ಮ. ಇದಾದ ಮೇಲಿನದು ಬೇಡ," ಎಂದರು.

ಮುನಿರಾಜು ಗೋಡೆಗೆ ಮುಖ ತಿರುಗಿಸಿದ. ರತ್ನಮ್ಮಕ್ಕ ಬಹಳ ಹೊತ್ತು ಪೆನ್ನನ್ನೇ ನೋಡಿದರು. ಆಮೇಲೆ, ನಾನು ಕಂಡಂತೆ ಮೊದಲ ಸಲ, ಡಾಕ್ಟರ ಮುಖ ನೋಡಿದರು.

"ಸರಿಯಪ್ಪ," ಎಂದರು.

ಹೊರಗೆ ಬಂದು ಟ್ಯಾಬಿನ ಹುಡುಗಿಯನ್ನು ಹುಡುಕಿ ಹಿಡಿದರು. "ಆಗ್ಲೇ ಎರಡು ಅಂದಿದ್ದೆ ನೋಡು, ಅದ ತೆಗ್ದು ಐದು ಹಾಕು." ಹುಡುಗಿ ಖುಷಿಯಿಂದ ಒತ್ತಿದಳು. ಅಕ್ಕ ಅವಳ ಕೆನ್ನೆ ಸವರಿ, "ಅಂಥಾ ಐದು ಯಾರ್ಗೂ ಬರೋದು ಬೇಡ ಕಣಮ್ಮ," ಎಂದರು.

ಬಸ್ಸಿನಲ್ಲಿ ನಾನು ಅಳುತ್ತಿದ್ದೆ, ಅವರು ಅಳಲಿಲ್ಲ. ಹೊಸಕೋಟೆ ದಾಟಿದ ಮೇಲೆ ಒಂದೇ ಮಾತು ಆಡಿದ್ದು: "ಹೆದ್ರಿಕೆ ಹೋಗ್ಲಿಲ್ಲ. ಆದ್ರೆ ಇನ್ಮೇಲೆ ಅಳತೆ ಮಾಡೋ ಕೆಲ್ಸ ಇಲ್ಲ."

ಕೊನೆಯ ಸಲ ನಾನು ಅವರನ್ನು ನೋಡಿದ್ದು ಕೆಂಚಾರ್ಲಹಳ್ಳಿಯಲ್ಲಿ. ಹುಳುಗಳು ಬಲಿತು ಹಣ್ಣಾಗಿ, ಬಿದಿರಿನ ಚಂದ್ರಿಕೆ ತಟ್ಟೆಗಳ ತುಂಬ ಗೂಡು ಕಟ್ಟಿದ್ದವು. ಅಕ್ಕ ಬಾಗಿಲ ಬಳಿ ಮಂಚದ ಮೇಲೆ ಮಲಗಿದ್ದರು. ಮುನಿರಾಜು ಒಂದು ಗೂಡು ಬಿಡಿಸಿ ತಂದುಕೊಟ್ಟ. ಅವರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿ, ಆಮೇಲೆ ನನ್ನ ಕಿವಿಗೂ ಹಿಡಿದರು. ಒಳಗೆ ಏನೋ ಹಗುರವಾಗಿ ತಟ್ಟಿತು.

"ಗಟ್ಟಿ ಗೂಡು," ಎಂದರು. ಆ ಬೆಳೆ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ವಾರವೇ ಅಕ್ಕ ಹೋದರು.

ನನ್ನ ಮುಂದಿನ ತಪಾಸಣೆಗೆ ಒಬ್ಬಳೇ ಹೋದೆ. ಗಂಡ ಬರುತ್ತೇನೆಂದರೂ ಬೇಡವೆಂದಿದ್ದೆ. ಡಾಕ್ಟರು ನನ್ನ ವರದಿಯ ಹಾಳೆಗಳನ್ನು ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. ಆಮೇಲೆ ಟಿಕ್. ಕ್ಯಾಪು ಹಾಕಿ ಪೆನ್ನು ಪಕ್ಕಕ್ಕಿಟ್ಟರು.

"ಅವರ ಬೆಳೆ ಬಂತಾ?" ಎಂದು ಕೇಳಿದರು.

ಪ್ರಶ್ನೆ ತಲೆಗೆ ಹೋಗಲು ಹೊತ್ತು ಹಿಡಿಯಿತು. "ಬಂತು ಡಾಕ್ಟ್ರೇ. ಗಟ್ಟಿ ಗೂಡು."

"ಅವರು?"

ಇಲ್ಲವೆಂದು ತಲೆಯಾಡಿಸಿದೆ. ನನ್ನ ಕಣ್ಣು ಮೇಜಿನ ಮೇಲಿನ ಪೆನ್ನನ್ನು ಬಿಟ್ಟು ಕದಲಲಿಲ್ಲ. ಕೊನೆಗೆ ಡಾಕ್ಟರು ಅದನ್ನು ಎತ್ತಿಕೊಂಡು, ಕ್ಯಾಪು ತೆಗೆದು, ತಲೆ ಎತ್ತದೆ ಬರೆಯತೊಡಗಿದರು. "ಮಾತ್ರೆ ಯಾಕೆ ನಡುವೆ ಬಿಟ್ಟಿದ್ದೀರಿ?" ಎಂದು ಗದರಿದರು.

ಹೇಳಬೇಕೆಂದು ಪಕ್ಕಕ್ಕೆ ತಿರುಗಿದೆ: ಅಕ್ಕಾ, ಓಡ್ತಾ ಇದೆ. ಪಕ್ಕದ ಕುರ್ಚಿಯಲ್ಲಿ ನನ್ನ ಚೀಲ ಮಾತ್ರ ಇತ್ತು.