ಕಪ್ ಅವರದು, ಕಾಲು ನನ್ನದು

ಯಜಮಾನರ ಮೆಚ್ಚಿನ ಕ್ರಿಕೆಟ್ ತಂಡವೂ ನನ್ನ ಸಂಸಾರದ ಪಾಲು ಎಂದು ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದ ವರ್ಷವೇ ತಿಳಿಯಿತು. ಪ್ರತಿ ಸಲ ಸೋತು ಅವರನ್ನು ಅಳಿಸುವುದು ತಂಡದ ಕೆಲಸ, ಸಮಾಧಾನ ಮಾಡುವುದು ನನ್ನದು.

ಕೊನೆಗೂ ಈ ವರ್ಷ ತಂಡದವರು ಕಪ್ ಗೆದ್ದರು. ಯಜಮಾನರು ನನ್ನನ್ನು ಎತ್ತಿಕೊಂಡು ಗಿರಗಿರನೆ ತಿರುಗಿಸಿದರು. ಮದುವೆಯ ದಿನವೂ ಅವರ ಮುಖದಲ್ಲಿ ಅಷ್ಟು ಕಳೆ ಇರಲಿಲ್ಲ. ಕೆಳಗಿಳಿಸಿದ ಮೇಲೆ ವಿಷಯ ಹೊರಬಿತ್ತು.

“ಗೆದ್ರೆ ನೀನು ಬರಿಗಾಲಲ್ಲಿ ಕೆಂಗಲ್‌ಗೆ ನಡ್ಕೊಂಡು ಬತ್ತೀಯ ಅಂತ ಆಂಜನೇಯಂಗೆ ಹರಕೆ ಹೊತ್ಕಂಬುಟ್ಟಿದೀನಿ ಕಣೇ.”

“ನಿಮ್ಮ ಹರಕೆಗೆ ನಾನ್ಯಾಕೆ ನಡೀಬೇಕು?”

“ನಂಗೆ ಮಂಡಿನೋವು ಐತಲ್ಲ. ಗಂಡ ಹೆಂಡ್ತಿ ಅಂದ್ಮೇಲೆ ಯಾರ್ ನಡುದ್ರೇನು?”

ಮಾರನೆಯ ದಿನ ಮೆರವಣಿಗೆಯಲ್ಲಿ ಎರಡು ಗಂಟೆ ಕುಣಿದದ್ದೂ ಅದೇ ಮಂಡಿಯೇ.

ದೇವರ ಹರಕೆ, ತಪ್ಪಿಸುವಂತಿಲ್ಲ. ಶನಿವಾರ ಬೆಳಿಗ್ಗೆ ಹೆದ್ದಾರಿಯಂಚಿನ ಜಲ್ಲಿ ತುಳಿದುಕೊಂಡು ನಾನು ನಡೆದೆ. ಅವರು ತಂಡದ ಜರ್ಸಿ ತೊಟ್ಟು ಸ್ಕೂಟರಿನಲ್ಲಿ ಪಕ್ಕಪಕ್ಕದಲ್ಲೇ ಬರುತ್ತಾ, ಸಿಕ್ಕವರಿಗೆಲ್ಲ “ನಾವ್ ಗೆದ್ಬುಟ್ಟೋ!” ಎಂದು ಕೈಬೀಸಿದರು.

ಗುಡಿಯಲ್ಲಿ ನಾನೂ ಕಣ್ಣುಮುಚ್ಚಿ ಹರಕೆ ಹೊತ್ತೆ: ಮುಂದಿನ ವರ್ಷವೂ ಕಪ್ ಬಂದರೆ ಯಜಮಾನರು ಇಲ್ಲಿ ಉರುಳುಸೇವೆ ಮಾಡುತ್ತಾರೆ.

ಅವತ್ತಿನಿಂದ ಆ ತಂಡಕ್ಕೆ ನನಗಿಂತ ದೊಡ್ಡ ಅಭಿಮಾನಿ ಇಲ್ಲ.